ಮನೆಗಿಂತ ಮೊದಲು ಬಂದ ಬಾಗಿಲು

ಲೋಕದಲ್ಲಿ ಮನೆ ಕಟ್ಟುವವರೆಲ್ಲ ಪಾಯದಿಂದ ಶುರು ಮಾಡುತ್ತಾರೆ. ನಮ್ಮ ಅಂದಾಜಣ್ಣ ಬಾಗಿಲಿನಿಂದ ಶುರು ಮಾಡಿದ. ಇದರಲ್ಲಿ ಅವನ ತಪ್ಪು ಅರ್ಧ, ಪತ್ರಿಕೆಯ ತಪ್ಪು ಕಾಲು, ಉಳಿದ ಕಾಲು ನನ್ನದು. ನನ್ನ ಪಾಲಿನ ವಿಷಯ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಕಥೆ ಕೇಳುವುದು ಬಿಟ್ಟು ನನ್ನನ್ನು ಬೈಯುತ್ತಾ ಕೂರುತ್ತೀರಿ.

ಅಂದಾಜಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಗಂಟೆ ಎಷ್ಟು ಎಂದು ಕೇಳಿದರೆ, ಕೈಯಲ್ಲಿ ಗಡಿಯಾರ ಕಟ್ಟಿಕೊಂಡೇ, "ಅಂದಾಜು ಹತ್ತೂಕಾಲು" ಅನ್ನುತ್ತಾನೆ. ಮಕ್ಕಳೆಷ್ಟು ಎಂದು ಯಾರೋ ಕೇಳಿದಾಗ "ಅಂದಾಜು ಇಬ್ಬರು" ಅಂದು ಹೆಂಡತಿಯಿಂದ ಉಗಿಸಿಕೊಂಡಿದ್ದ. ಗ್ರಂಥಾಲಯದಲ್ಲಿ ಗುಮಾಸ್ತ. ದಿನಾ ಬರುವ ಏಳು ಪತ್ರಿಕೆಗಳಿಗೆ ಮೊಹರು ಒತ್ತಿ, ಕೋಲಿಗೆ ಸಿಕ್ಕಿಸಿ, ಓದುವವರ ಮೇಜಿನ ಮೇಲೆ ಇಡುವುದು ಅವನ ಕೆಲಸ. ಮೊಹರಿಗೂ ಕೋಲಿಗೂ ನಡುವೆ ಒಂದು ಗಂಟೆ ಹಿಡಿಯುತ್ತಿತ್ತು. ಆ ಒಂದು ಗಂಟೆಯಲ್ಲಿ ಅವನು ಏಳು ಪತ್ರಿಕೆಗಳ ವಾಣಿಜ್ಯ ಪುಟ ಮುಗಿಸುತ್ತಿದ್ದ. ಅರ್ಥವಾಗುತ್ತಿತ್ತೋ ಇಲ್ಲವೋ, ಬಾಯಿಪಾಠವಂತೂ ಆಗುತ್ತಿತ್ತು.

ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಆಗ ಒಂದೇ ಕಟ್ಟಡದ ಎರಡು ಪಾಲಿನಲ್ಲಿ ಬಾಡಿಗೆಗಿದ್ದೆವು. ಕಟ್ಟಿಸಿದ ಓನರಮ್ಮ ಎರಡು ಅಡುಗೆಮನೆಗಳನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಉಳಿದ ಪಕ್ಕಗಳಿಗೆ ತಮ್ಮ ಉಗ್ರಾಣ ಕಟ್ಟಿಸಿಕೊಂಡು, ಕಿಟಕಿ ಎಂಬ ವಸ್ತುವಿಗೆ ಜಾಗವೇ ಇಲ್ಲದಂತೆ ಮಾಡಿದ್ದರು. ಒಲೆಯ ಮೇಲೆ ಈರುಳ್ಳಿ ಹುರಿಯಲು ಹಾಕಿದರೆ ಆ ಘಾಟು ಹೊರಗೆ ಹೋಗಲು ದಾರಿ ಕಾಣದೆ ಹಾಲ್‌ಗೆ ಬಂದು ಮನೆಮಂದಿಗೆಲ್ಲ ಕೆಮ್ಮು ಬರಿಸಿ, ಕೊನೆಗೆ ಒಗೆದ ಬಟ್ಟೆಯಲ್ಲಿ ಹೋಗಿ ಕೂರುತ್ತಿತ್ತು. ಅಂದಾಜಣ್ಣನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಹನ್ನೊಂದು ವರ್ಷದಿಂದ ಆ ಡಬ್ಬದೊಳಗೆ ಕಣ್ಣೊರೆಸಿಕೊಂಡು ಅಡುಗೆ ಮಾಡಿದವರು. ಊರಾಚೆ ಒಂದು ಪುಟ್ಟ ಸೈಟು ಕೊಂಡಾಗಿತ್ತು, ಮನೆಗೆಂದು ಒಂದಿಷ್ಟು ದುಡ್ಡೂ ಕೂಡಿತ್ತು. ಮನೆಯ ಬಗ್ಗೆ ಅತ್ತಿಗೆಯ ಬೇಡಿಕೆ ಒಂದೇ ಒಂದು.

"ನನಗೆ ಅಡುಗೆಮನೇಲಿ ಒಂದು ಕಿಟಕಿ ಇರಬೇಕು. ಮಿಕ್ಕಿದ್ದು ನೀವು ಏನಾದ್ರೂ ಕಟ್ಕೊಳ್ಳಿ."

ಇಷ್ಟು ಸಣ್ಣ ಬೇಡಿಕೆ ಇಟ್ಟರೆ ಗಂಡಸರಿಗೆ ಅದು ನೆನಪಿರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂದಾಜಣ್ಣ ಗ್ರಂಥಾಲಯದಿಂದ ಅರ್ಧ ದಿನ ರಜೆ ಹಾಕಿ ನನ್ನ ಮನೆಗೆ ಓಡಿ ಬಂದ.

"ಲೋ ಮೇಷ್ಟ್ರೇ, ದೇಶದ ಪರಿಸ್ಥಿತಿ ಸರಿಯಿಲ್ಲ."

"ಏನಾಯ್ತೋ?"

"ಆರ್ಥಿಕ ಅನಿಶ್ಚಿತತೆ! ಮನೆ ಕಟ್ಟೋ ಖರ್ಚಿನ ಬಗ್ಗೆ ತಜ್ಞರು ಮುನ್ನೋಟ ಕೊಟ್ಟಿದ್ದಾರೆ. ಮರದ ಬೆಲೆ ಏರಬಹುದು. ಸಿಮೆಂಟು ಇಳಿಯಬಹುದು. ಕಬ್ಬಿಣ ಏರಲೂಬಹುದು, ಇಳಿಯಲೂಬಹುದು, ಇದ್ದ ಹಾಗೇ ಇರಲೂಬಹುದು."

"ಇದನ್ನ ಹೇಳೋಕೆ ತಜ್ಞರು ಬೇಕಾ?"

"ನಿನಗೆ ಅರ್ಥ ಆಗಲ್ಲ ಬಿಡು. ಮರ ಈಗಲೇ ತಗೋಬೇಕು, ಸಿಮೆಂಟಿಗೆ ಕಾಯಬೇಕು. ಅಂದಾಜು ಆರು ತಿಂಗಳು." ಹೀಗೆ ಹೇಳಿ, ಕಿಟಕಿಗೆ ಮರ ನೋಡಿಕೊಂಡು ಬರುತ್ತೇನೆಂದು ಬೀದಿಯ ಕೊನೆಯಲ್ಲಿರುವ ಬಡಗಿಯ ಅಂಗಡಿಗೆ ಹೊರಟ.

ಮಧ್ಯಾಹ್ನ ತಳ್ಳುಗಾಡಿಯ ಮೇಲೆ ಬಂದದ್ದು ಬಾಗಿಲು. ಅದನ್ನು ಬರೀ ಬಾಗಿಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಎಂಟು ಅಡಿ ಎತ್ತರ, ಐದು ಅಡಿ ಅಗಲ, ಎರಡು ಕದ, ಕದದ ತುಂಬ ಬಳ್ಳಿ ಹೂವಿನ ಕೆತ್ತನೆ, ಒಂದೊಂದು ಕದಕ್ಕೂ ಅಂಗೈಯಗಲದ ಹಿತ್ತಾಳೆ ಬಳೆ. ಯಾರೋ ದೊಡ್ಡ ಕುಳ ಬಂಗಲೆಗೆಂದು ಮಾಡಿಸಿ, ಅದೇ ಅನಿಶ್ಚಿತತೆಗೆ ಹೆದರಿ ಬೇಡವೆಂದಿದ್ದನಂತೆ. ಬಡಗಿ ಅರ್ಧ ಬೆಲೆಗೆ ಕೊಡುತ್ತೇನೆ ಅಂದ. ಅರ್ಧ ಬೆಲೆ ಎಂಬ ಮಾತು ಕಿವಿಗೆ ಬಿದ್ದರೆ ಅಂದಾಜಣ್ಣನಿಗೆ ಉಳಿದರ್ಧ ತಾನು ಸಂಪಾದಿಸಿದ ಹಾಗೆ.

ನಾಲ್ಕು ಜನ ಸೇರಿ ಬಾಗಿಲನ್ನು ಎತ್ತಿ ಮನೆಯೊಳಗೆ ಸಾಗಿಸಲು ನೋಡಿದರು. ನೆಟ್ಟಗೆ ಹಿಡಿದರು, ಅಡ್ಡ ಹಿಡಿದರು, ಓರೆ ಹಿಡಿದರು. ಆ ಬಾಗಿಲು ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಕೊನೆಗೆ ಚೌಕಟ್ಟಿನ ಸಮೇತ ಹೊರಗಿನ ಗೋಡೆಗೆ ಒರಗಿಸಿದರು. ಅತ್ತಿಗೆ ಕೆಮ್ಮುತ್ತಾ ಹೊರಗೆ ಬಂದು, ಬಾಗಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಕಿಟಕಿ ಎಲ್ರೀ?"

"ಬರುತ್ತೆ ಕಣೇ. ಮೊದಲು ಮನುಷ್ಯರು ಬರೋ ದಾರಿ, ಆಮೇಲೆ ಗಾಳಿ ಬರೋ ದಾರಿ."

ಓನರಮ್ಮ ಮಹಡಿಯಿಂದ ಇಣುಕಿ ನೋಡಿ, ಬಾಡಿಗೆ ಪತ್ರದಲ್ಲಿ ನಾಲ್ಕು ಜನರಿಗಷ್ಟೇ ಜಾಗ ಬರೆದಿರುವುದಾಗಿಯೂ, ಇದನ್ನು ಐದನೆಯವರೆಂದು ಲೆಕ್ಕ ಹಿಡಿಯುವುದಾಗಿಯೂ ತಿಳಿಸಿ ಒಳಗೆ ಹೋದರು.

ವಿಷಯ ಇಲ್ಲಿಗೇ ಮುಗಿಯುತ್ತಿತ್ತು, ಆದರೆ ನಮ್ಮ ಬೀದಿಗೆ ಯೋಚನೆ ಮಾಡುವ ಚಟವಿದೆ. ಮನೆಯೇ ಇಲ್ಲದವನು ಬಾಗಿಲು ಯಾಕೆ ತಂದ? ದಿನಾ ಏಳು ಪತ್ರಿಕೆ ಓದುವವನು. ಅವನಿಗೆ ಏನೋ ಗೊತ್ತಿದೆ. ಸಂಜೆಯೊಳಗೆ ನಿವೃತ್ತ ಪೋಸ್ಟ್‌ಮಾಸ್ಟರರು ಅವನನ್ನು ಬೀದಿಯಲ್ಲೇ ತಡೆದರು.

"ಏನಪ್ಪಾ, ಮರ ಏರುತ್ತಾ? ನನ್ನ ಹತ್ರ ಮುಚ್ಚಿಡಬೇಡ."

ಅಂದಾಜಣ್ಣನಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವನು ಆಚೀಚೆ ನೋಡಿ, ದನಿ ತಗ್ಗಿಸಿ, "ಈಗ ಹೇಳೋ ಹಾಗಿಲ್ಲ ಸಾರ್" ಅಂದ.

ಸಾಕಾಯಿತು. ಮಾರನೆಯ ದಿನ ಪೋಸ್ಟ್‌ಮಾಸ್ಟರರು ಎರಡು ಕಿಟಕಿ ತಂದರು. ಅದನ್ನು ನೋಡಿ ಕ್ಷೌರದಂಗಡಿಯವನು ಮೂರು ಬಾಗಿಲು ತಂದ. ಅವನಿಗೆ ಸೈಟೇ ಇರಲಿಲ್ಲ. ವಾರದೊಳಗೆ ನಮ್ಮ ಬೀದಿಯ ಗೋಡೆಗಳೆಲ್ಲ ಒರಗಿಸಿದ ಬಾಗಿಲುಗಳಿಂದ ತುಂಬಿ, ಹೊಸಬರಿಗೆ ಯಾವುದನ್ನು ತಟ್ಟಬೇಕೆಂದು ತಿಳಿಯದೆ ತಿರುಗುವ ಹಾಗಾಯಿತು. ಇಷ್ಟು ಗಿರಾಕಿಗಳನ್ನು ಕಂಡ ಬಡಗಿ ಸಹಜವಾಗಿ ಬೆಲೆ ಏರಿಸಿದ. ಬೆಲೆ ಏರಿದ್ದು ಕಂಡು ಬೀದಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. "ನೋಡಿದ್ರಾ? ಅವನು ಮೊದಲೇ ಹೇಳಿದ್ದ!"

ನಾನೂ ಒಂದು ಕಮೋಡು ತಂದೆ. ಸೈಟು ಕೊಳ್ಳುವುದು ನನ್ನ ನಿವೃತ್ತಿಯ ಯೋಜನೆ, ಆದರೆ ಬೆಲೆ ಅಷ್ಟು ವರ್ಷ ಕಾಯುತ್ತದೆಯೇ? ಇಡಲು ಜಾಗವಿಲ್ಲದೆ ಹಾಲ್‌ನಲ್ಲಿಟ್ಟು, ಮೇಲೊಂದು ಹೂವಿನ ಬಟ್ಟೆ ಹೊದಿಸಿದೆವು. ನನ್ನ ಹೆಂಡತಿ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಬಂದ ನೆಂಟರು ಮಾತ್ರ ಅದರ ಮೇಲೆ ಕೂತು, ಕುರ್ಚಿ ಗಟ್ಟಿಯಾಗಿದೆ ಎಂದು ಹೊಗಳಿದರು.

ಈ ಹೊತ್ತಿಗೆ ಅಂದಾಜಣ್ಣ ಅಂದಾಜಣ್ಣನಾಗಿ ಉಳಿದಿರಲಿಲ್ಲ. ಗ್ರಂಥಾಲಯದಲ್ಲಿ ಅವನ ಮೇಜಿನ ಮುಂದೆ ಕ್ಯೂ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಗೆ ಎರಡು ಪೆನ್ನು ಸಿಕ್ಕಿಸಿ, ಕೇಳಿದವರಿಗೆಲ್ಲ ಒಂದೇ ಔಷಧಿ ಕೊಡುತ್ತಿದ್ದ. "ಸಿಮೆಂಟು ಮುಟ್ಟಬೇಡಿ. ಇಳಿಯುತ್ತೆ. ಅಂದಾಜು ಆರು ತಿಂಗಳು ಕಾಯಿರಿ."

ಊರು ಕಾಯಿತು. ಅರ್ಧ ಎದ್ದ ಗೋಡೆಗಳು ಅರ್ಧಕ್ಕೇ ನಿಂತವು. ಅಂದಾಜಣ್ಣ ಗೊತ್ತು ಮಾಡಿದ್ದ ಮೇಸ್ತ್ರಿ ಸೋಮವಾರ ಸೋಮವಾರ ಬಂದು, ಕೈಯಲ್ಲಿ ನೂಲುಂಡೆ ಹಿಡಿದು, "ಶುರು ಮಾಡ್ಲಾ ಸಾರ್?" ಅಂತ ಕೇಳಿ, ಆರು ತಿಂಗಳು ಎಂಬ ಉತ್ತರ ಪಡೆದು, ಮುಂದಿನ ಸೋಮವಾರ ಮತ್ತೆ ಬಂದು ಮತ್ತೆ ಅದೇ ಆರು ತಿಂಗಳು ಪಡೆದು ಹೋಗುತ್ತಿದ್ದ. ಹಾರ್ಡ್‌ವೇರ್ ಅಂಗಡಿಯ ಯಜಮಾನರಂತೂ ಒಂದು ದಿನ ಖುದ್ದಾಗಿ ಬಂದು ಅಂದಾಜಣ್ಣನ ಕೈ ಹಿಡಿದುಕೊಂಡರು.

"ಸ್ವಾಮೀ, ನಾಲ್ಕು ವಾರದಿಂದ ಒಂದು ಮೂಟೆ ಅಲುಗಿಲ್ಲ. ಒಳಗೊಳಗೇ ಗಟ್ಟಿಯಾಗ್ತಿದೆ. ನೀವು ಒಂದು ಮಾತು ಆಡಿದ್ರೆ ನನ್ನ ಅಂಗಡಿ ಉಳಿಯುತ್ತೆ."

"ಮಾರುಕಟ್ಟೇಲಿ ನಾನು ಕೈ ಹಾಕಲ್ಲ," ಎಂದು ಅಂದಾಜಣ್ಣ ಗಂಭೀರವಾಗಿ ಕೈ ಬಿಡಿಸಿಕೊಂಡ.

ಇನ್ನು ನನ್ನ ಪಾಲಿನ ತಪ್ಪು. ಮನೆಯ ನಕ್ಷೆ ಬರೆದವನು ನಾನು. ಮೊದಲು ಬರೆದದ್ದು ಮೂರು ಕೋಣೆ, ಹಾಲ್, ಅಡುಗೆಮನೆ. ಬಾಗಿಲಿಗೆ ದುಡ್ಡು ಹೋದ ಮೇಲೆ ಒಂದು ಕೋಣೆ ಅಳಿಸಿದೆ. ಮರದ ಬೆಲೆ ಏರಿದಾಗ, ಅಂದರೆ ಅವನೇ ಏರಿಸಿದಾಗ, ಇನ್ನೊಂದು ಅಳಿಸಿದೆ. ಕಬ್ಬಿಣ ಏರಿದಾಗ ಹಾಲ್ ಹೋಯಿತು. ಮನೆ ಕುಗ್ಗುತ್ತಾ ಬಂತು, ಬಾಗಿಲು ಮಾತ್ರ ಇದ್ದಷ್ಟೇ ಇತ್ತು. ಐದನೆಯ ನಕ್ಷೆಯ ಹೊತ್ತಿಗೆ ಒಂದು ಕೋಣೆ, ಒಂದು ಅಡುಗೆಮನೆ ಉಳಿದಿತ್ತು. ಆಗ ಅಂದಾಜಣ್ಣ ಅಡುಗೆಮನೆಯ ಗೋಡೆಯ ಮೇಲೆ ಬೆರಳಿಟ್ಟು, ನನ್ನ ಮುಖ ನೋಡದೆ, "ಕಿಟಕಿ ಮರ ಈಗ ತುಂಬ ಜಾಸ್ತಿ. ಸದ್ಯಕ್ಕೆ ಇದನ್ನೂ ಅಳಿಸು. ಬೆಲೆ ಇಳಿದ ಮೇಲೆ ಗೋಡೆ ಒಡೆದು ಇಡಿಸೋಣ" ಅಂದ.

ನಾನು ಅಳಿಸಿದೆ. ನನಗೆ ಅತ್ತಿಗೆಯ ಕೆಮ್ಮು ಗೋಡೆಯಾಚೆಯಿಂದ ಕೇಳುತ್ತಿತ್ತು, ಆದರೂ ಅಳಿಸಿದೆ. ಈಗ ಬೈಯಿರಿ.

ಅಷ್ಟರಲ್ಲಿ ಯಾರೋ ಪುರಸಭೆಗೆ ಅರ್ಜಿ ಹಾಕಿದ್ದರು. ಕಟ್ಟಡ ಸಾಮಗ್ರಿಯ ಅಕ್ರಮ ದಾಸ್ತಾನು ನಡೆದಿದೆ, ಬೆಲೆ ಏರಿಸುವ ಕೂಟವೊಂದಿದೆ, ಅದರ ಮುಖಂಡ ಗ್ರಂಥಾಲಯದಲ್ಲಿ ಅಡಗಿದ್ದಾನೆ ಎಂದು. ಅಧಿಕಾರಿಗಳೊಬ್ಬರು ಟೇಪು, ಫೈಲು ಹಿಡಿದು ಬಂದರು. ಹಿಂದೆ ಇಡೀ ಬೀದಿ ಬಂತು. ಅಧಿಕಾರಿಗಳು ಬಾಗಿಲನ್ನು ಅಳೆದು, ಎರಡು ಸಲ ಬರೆದುಕೊಂಡು, ಕೇಳಿದರು.

"ಈ ಬಾಗಿಲು ಯಾವ ಮನೇದು?"

"ನಮ್ಮ ಮನೇದು ಸಾರ್."

"ಮನೆ ಎಲ್ಲಿ?"

"ಇನ್ನೂ ಕಟ್ಟಿಲ್ಲ."

"ಮತ್ತೆ ಇದು ಯಾವ ಗೋಡೇಲಿದೆ?"

"ಓನರಮ್ಮನ ಗೋಡೆಗೆ ಒರಗಿದೆ."

"ಅಂದ್ರೆ ಅವರ ಗೋಡೆಗೆ ಅನುಮತಿ ಇಲ್ಲದೆ ಹೆಚ್ಚುವರಿ ಬಾಗಿಲು ಇಟ್ಟಿದ್ದೀರಿ!"

"ಸಾರ್, ಅದನ್ನ ತೆಗೆದ್ರೆ ಒಳಗೆ ಹೋಗೋಕಾಗಲ್ಲ. ಹಿಂದೆ ಗೋಡೆ ಇದೆ."

"ಹೋಗೋಕಾಗಲ್ಲ ಅನ್ನೋದು ಇನ್ನೂ ದೊಡ್ಡ ತಪ್ಪು," ಎಂದು ಅಧಿಕಾರಿಗಳು ಅದನ್ನೂ ಬರೆದುಕೊಂಡರು. ಮಹಡಿಯಿಂದ ಓನರಮ್ಮ, ಆ ಗೋಡೆಗೂ ತಮಗೂ ಸಂಬಂಧವಿಲ್ಲ ಎಂದು ಕೂಗಿ ಹೇಳಿದರು. ಎಲ್ಲ ಬರೆದು ಮುಗಿಸಿದ ಮೇಲೆ ಅಧಿಕಾರಿಗಳು ಅಂದಾಜಣ್ಣನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದರು. ಪಕ್ಕ ಎಂದರೆ ಎರಡು ಹೆಜ್ಜೆ. ಎಲ್ಲರಿಗೂ ಕೇಳಿಸಿತು.

"ಇದು ಆಫೀಸಿನ ಮಾತಲ್ಲ. ನಾನೂ ಒಂದು ಮನೆ ಕಟ್ಟಿಸಬೇಕು ಅಂತಿದ್ದೀನಿ. ಈಗ ಶುರು ಮಾಡ್ಲಾ, ಕಾಯ್ಲಾ?"

ಅಂದಾಜಣ್ಣ ಎದೆ ಉಬ್ಬಿಸಿದ. "ಕಾಯಿರಿ ಸಾರ್. ಅಂದಾಜು ಆರು ತಿಂಗಳು."

ಒಳಗಿನಿಂದ ಕೆಮ್ಮು ಕೇಳಿತು. ಅದರ ಹಿಂದೆಯೇ ಅತ್ತಿಗೆ ಬಂದರು. ಕೈಯಲ್ಲಿ ಸೌಟು, ಕಣ್ಣು ಕೆಂಪು.

"ಯಾವ ಆರು ತಿಂಗಳು? ಹನ್ನೊಂದು ವರ್ಷದಲ್ಲಿ ಇಪ್ಪತ್ತೆರಡು ಆರು ತಿಂಗಳು ಆಯ್ತು. ಮೇಷ್ಟ್ರೇ, ಆ ನಕ್ಷೆ ಕೊಡಿ ಇಲ್ಲಿ. ಮೇಸ್ತ್ರಿಗೆ ನಾನೇ ಹೇಳ್ತೀನಿ."

ನಕ್ಷೆ ನನ್ನ ಕಂಕುಳಲ್ಲೇ ಇತ್ತು. ಕೊಟ್ಟೆ. ಅತ್ತಿಗೆ ಬಿಡಿಸಿ ನೋಡಿದರು. ಕೋಣೆಗಳು ಎಲ್ಲಿ ಹೋದವು ಎಂದು ಕೇಳಲಿಲ್ಲ, ಹಾಲ್ ಎಲ್ಲಿ ಎಂದು ಕೇಳಲಿಲ್ಲ. ಸೌಟಿನ ತುದಿಯನ್ನು ಅಡುಗೆಮನೆಯ ಗೋಡೆಯ ಮೇಲಿಟ್ಟರು. ಅಲ್ಲಿ ರಬ್ಬರಿನ ಗುರುತು ಇನ್ನೂ ಮಾಸಿರಲಿಲ್ಲ.

"ಇಲ್ಲಿ ಕಿಟಕಿ ಇತ್ತಲ್ಲಾ?"

ಅಂದಾಜಣ್ಣ ಅಂದಾಜು ಎನ್ನಲು ಬಾಯಿ ತೆರೆದು ಮುಚ್ಚಿದ.

ಅತ್ತಿಗೆ ಅಳಲಿಲ್ಲ, ಬೈಯಲೂ ಇಲ್ಲ. ನಕ್ಷೆಯನ್ನು ಮಡಿಸಿ ನನ್ನ ಕೈಗಿಟ್ಟು, ಒಳಗೆ ಹೋಗಿ ಆ ಕಿಟಕಿಯಿಲ್ಲದ ಡಬ್ಬದಲ್ಲಿ ಮತ್ತೆ ಒಲೆ ಹಚ್ಚಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಚಿಕೆ ಅಧಿಕಾರಿಗಳಿಗೂ ತಟ್ಟಿರಬೇಕು. ಟೇಪು ಅಲ್ಲೇ ಮರೆತು ಹೋದರು.

ಮರುದಿನ ಭಾನುವಾರ. ಬೆಳಿಗ್ಗೆಯೇ ಅಂದಾಜಣ್ಣ ತಳ್ಳುಗಾಡಿ ತಂದ. ಕಣ್ಣು ನೋಡಿದರೆ ನಿದ್ದೆ ಮಾಡಿದ ಹಾಗಿರಲಿಲ್ಲ.

"ಮೇಷ್ಟ್ರೇ, ಕೈ ಹಿಡಿ. ಮಾರ್ತೀನಿ. ಈಗ ಬೆಲೆ ಮೂರು ಪಟ್ಟಾಗಿದೆ. ಆ ದುಡ್ಡಲ್ಲಿ ಅವಳಿಗೆ ನಾಲ್ಕು ಕಿಟಕಿ ಇಡಿಸ್ತೀನಿ. ಮನೆ ತುಂಬ ಕಿಟಕಿ ಇಡಿಸ್ತೀನಿ."

ನಾವು ಬಾಗಿಲನ್ನು ಗಾಡಿಗೇರಿಸಿ ತಳ್ಳಿದೆವು. ಬಡಗಿಯ ಅಂಗಡಿ ಇನ್ನೂರು ಹೆಜ್ಜೆ ದೂರ. ಇಪ್ಪತ್ತನೆಯ ಹೆಜ್ಜೆಯಲ್ಲಿ ಪೋಸ್ಟ್‌ಮಾಸ್ಟರರು ಹಲ್ಲುಜ್ಜುತ್ತಾ ನೋಡಿದರು. ಬ್ರಷ್ಷು ಬಾಯಲ್ಲೇ ನಿಂತಿತು.

"ಮಾರ್ತಿದ್ದಾನೆ!" ಎಂದು ಅವರು ಕೂಗಿದ ರಭಸಕ್ಕೆ ನೊರೆ ನಮ್ಮ ಗಾಡಿಯವರೆಗೂ ಬಂತು. "ಅಂದಾಜಣ್ಣ ಬಾಗಿಲು ಮಾರ್ತಿದ್ದಾನೆ! ಬೆಲೆ ಬಿತ್ತು!"

ಮುಂದಿನದನ್ನು ಹೇಳಲು ನನ್ನ ಕುಂಚವೇ ಬೇಕು, ಮಾತು ಸಾಲದು. ಪೋಸ್ಟ್‌ಮಾಸ್ಟರರು ತಲೆಯ ಮೇಲೆ ಎರಡು ಕಿಟಕಿ ಹೊತ್ತು ಓಡಿದರು. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಾಗಿಲು ಎತ್ತಿಕೊಂಡ, ಆ ಗಿರಾಕಿ ಮುಖದ ತುಂಬ ಸೋಪಿನೊಂದಿಗೆ ಇನ್ನೊಂದು ತುದಿ ಹಿಡಿದುಕೊಂಡ. ನನ್ನ ಹೆಂಡತಿ ಮನೆ ಮುಂದೆ ನಿಂತು, "ಅದನ್ನೂ ತಗೊಂಡು ಹೋಗ್ರೀ!" ಎಂದು ಕಿರುಚಿದಳು. ನಾನು ಗಾಡಿ ಬಿಟ್ಟು ಹೋಗಿ ಕಮೋಡನ್ನು ಅಪ್ಪಿಕೊಂಡು ಬಂದೆ. ಬಡಗಿ ಕಮೋಡು ಕೊಳ್ಳುವುದಿಲ್ಲ ಎಂಬುದು ಆ ಗದ್ದಲದಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಂದಾಜಣ್ಣನ ಬಾಗಿಲು ಭಾರ, ಗಾಡಿ ನಿಧಾನ. ಅವನನ್ನು ನೋಡಿ ಹೊರಟವರೆಲ್ಲ ಅವನನ್ನೇ ದಾಟಿ ಮುಂದೆ ಹೋದರು. ನಾವು ಅಂಗಡಿ ಮುಟ್ಟುವ ಹೊತ್ತಿಗೆ ಮುಂದೆ ಹದಿನೇಳು ಬಾಗಿಲು, ಲೆಕ್ಕವಿಲ್ಲದಷ್ಟು ಕಿಟಕಿ. ಮೂರು ಪಟ್ಟಿದ್ದ ಬೆಲೆ ಮೊದಲ ಬಾಗಿಲಿಗೆ ಒಂದು ಪಟ್ಟಾಯಿತು, ಐದನೆಯದಕ್ಕೆ ಕಾಲು ಪಟ್ಟಾಯಿತು, ಹತ್ತನೆಯದಕ್ಕೆ ಬಡಗಿ ಕೈಮುಗಿದು ಅಂಗಡಿಯ ಶಟರು ಎಳೆದುಕೊಂಡ. ಒಳಗಿನಿಂದ ಅವನ ದನಿ ಮಾತ್ರ ಬಂತು. "ಪುಕ್ಕಟೆ ಕೊಟ್ರೂ ಬೇಡ ಸ್ವಾಮೀ! ಇಡೋಕೆ ಜಾಗ ಇಲ್ಲ!"

ಅಂದಾಜಣ್ಣ ಬಾಗಿಲಿನ ಮೇಲೆ ಕೈಯಿಟ್ಟು ಹಾಗೇ ನಿಂತ. "ನಾನು ಏನೂ ಹೇಳಲೇ ಇಲ್ಲವಲ್ಲೋ," ಅಂದ. "ಬರೀ ಗಾಡಿ ತಳ್ಳಿದೆ."

ನಾವು ಗಾಡಿಯನ್ನು ವಾಪಸು ತಳ್ಳಿಕೊಂಡು ಬಂದೆವು. ಮನೆ ಮುಂದೆ ಅತ್ತಿಗೆ ನಿಂತಿದ್ದರು, ಕೈಯಲ್ಲಿ ಅಧಿಕಾರಿಗಳು ಮರೆತ ಟೇಪು. ಗಂಡನ ಮುಖ ನೋಡಿದರು, ಗಾಡಿಯ ಮೇಲಿನ ಬಾಗಿಲು ನೋಡಿದರು. ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿ, "ಇಳಿಸಿ ಕೆಳಗೆ" ಅಂದರು. ಬಾಗಿಲನ್ನು ನೆಲದ ಮೇಲೆ ಮಲಗಿಸಿ, ಮಂಡಿಯೂರಿ ಕೂತು ಒಂದೊಂದೇ ಕದ ಅಳೆದರು.

"ಒಂದು ಕದ ಎರಡೂವರೆ ಅಡಿ ಅಗಲ, ಎಂಟು ಅಡಿ ಎತ್ತರ. ಒಂದು ಕೋಣೆ ಮನೆಗೆ ಮುಂದಿನ ಬಾಗಿಲು ಅಂತ ಒಂದು ಕದ ಸಾಲದಾ?"

"ಸಾಕು," ಅಂದ ಅಂದಾಜಣ್ಣ.

"ಇನ್ನೊಂದನ್ನ ನಡುವೆ ಅಡ್ಡ ಕೊಯ್ದರೆ ನಾಲ್ಕು ನಾಲ್ಕು ಅಡಿಯ ಎರಡು ತುಂಡು. ಪಕ್ಕಪಕ್ಕ ಇಟ್ಟರೆ ಐದು ಅಡಿ ಅಗಲದ ಕಿಟಕಿ." ಎದ್ದು ಸೀರೆಯ ಧೂಳು ಕೊಡವಿಕೊಂಡರು. "ಮೇಷ್ಟ್ರೇ, ನಕ್ಷೆ ತನ್ನಿ. ರಬ್ಬರು ಬೇಡ. ಪೆನ್ಸಿಲ್ ಮಾತ್ರ."

ನಾನು ಜೀವಮಾನದಲ್ಲಿ ಬರೆದ ಚಿತ್ರಗಳಲ್ಲಿ ಅಷ್ಟು ಸಂತೋಷದಿಂದ ಬರೆದದ್ದು ಆ ಐದಡಿಯ ಕಿಟಕಿಯೊಂದೇ.

ಸಿಮೆಂಟಿನ ವ್ಯವಹಾರವನ್ನೂ ಅತ್ತಿಗೆಯೇ ಮುಗಿಸಿದರು. ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ನಮ್ಮ ಸೈಟಿನ ಮುಂದೆ ಹಾಡಹಗಲು ಮೂಟೆ ಇಳಿಸಿದ್ರೆ ಊರೆಲ್ಲ ಬಂದು ನಿಮ್ಮ ಹತ್ರ ಕೊಳ್ಳುತ್ತೆ. ಎಷ್ಟಕ್ಕೆ ಇಳಿಸ್ತೀರಿ?" ಎಂದು ಕೇಳಿದರು. ಯಜಮಾನರು ಬಾಯಿ ಬಿಟ್ಟು, ಬೆಲೆ ಬಿಟ್ಟು, ಸಾಗಾಟದ ಖರ್ಚನ್ನೂ ಬಿಟ್ಟು ಇಳಿಸಿದರು. ಸಿಮೆಂಟು ಇಳಿಯುತ್ತದೆ ಎಂದ ತಜ್ಞರ ಮಾತು ನಿಜವಾಯಿತು. ಆದರೆ ಇಳಿಸಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಬಡಗಿ ಗರಗಸ ಹಿಡಿದು ಬಂದವನು ಕದದ ಕೆತ್ತನೆ ಸವರುತ್ತಾ ನಿಂತುಬಿಟ್ಟ. "ಅಮ್ಮಾ, ಇಂಥ ಬಾಗಿಲು ಕೊಯ್ಯೋಕೆ ಕೈ ಬರ್ತಿಲ್ಲ."

"ಹನ್ನೊಂದು ವರ್ಷ ಈರುಳ್ಳಿ ಕೊಯ್ದ ಕೈ ಇದು. ಕೊಡಿ ಇಲ್ಲಿ, ನಾನೇ ಕೊಯ್ತೀನಿ," ಅಂದರು ಅತ್ತಿಗೆ. ಬಡಗಿ ಗಾಬರಿಯಾಗಿ ಕೆಲಸ ಶುರು ಮಾಡಿದ. ಗರಗಸ ಓಡಿದಷ್ಟು ಹೊತ್ತೂ ಅಂದಾಜಣ್ಣ ನನ್ನ ತೋಳು ಹಿಡಿದುಕೊಂಡಿದ್ದ. ಆ ಗುರುತು ಎರಡು ದಿನ ಇತ್ತು.

ನಾಲ್ಕು ತಿಂಗಳಲ್ಲಿ ಮನೆ ಎದ್ದಿತು. ಒಂದು ಕೋಣೆ, ಒಂದು ಅಡುಗೆಮನೆ, ಉಳಿದ ಸೈಟಿನಲ್ಲಿ ಬರೀ ಬೆಳಕು. ಮುಂದಿನ ಬಾಗಿಲು ಇಕ್ಕಟ್ಟು, ದಪ್ಪಗಿರುವವರು ಓರೆಯಾಗಿ ಹೋಗಬೇಕು. ಕಿಟಕಿ ಮಾತ್ರ ಅರಮನೆಯದು. ಬಳ್ಳಿ ಹೂವಿನ ಕೆತ್ತನೆ, ಒಂದು ಕದಕ್ಕೆ ಹಿತ್ತಾಳೆ ಬಳೆ. ಬೀದಿಗೆ ಎದುರಾಗಿ ಅದೇ ಎದ್ದು ಕಾಣುವುದರಿಂದ, ಬಂದವರೆಲ್ಲ ಬಾಗಿಲು ಬಿಟ್ಟು ಕಿಟಕಿಯ ಬಳೆಯನ್ನೇ ತಟ್ಟುತ್ತಾರೆ. ಮೊದಲ ದಿನ ಅತ್ತಿಗೆ ಈರುಳ್ಳಿ ಹುರಿದರು. ಘಾಟು ಕಿಟಕಿಯಿಂದ ನೆಟ್ಟಗೆ ಹೊರಗೆ ಹೋಯಿತು. ಅವರು ಅದು ಹೋದ ದಿಕ್ಕನ್ನೇ ನೋಡುತ್ತಾ ತುಂಬ ಹೊತ್ತು ನಿಂತಿದ್ದರು. ಈರುಳ್ಳಿ ಸೀದುಹೋಯಿತು. ನಾವು ಸೀದದ್ದನ್ನೇ ತಿಂದೆವು.

ಮೊನ್ನೆ ನಾನು ಅಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗ ಬಳೆಯ ಸದ್ದಾಯಿತು. ಅತ್ತಿಗೆ ಕಿಟಕಿ ತೆರೆದರು. ಹೊರಗೆ ಪುರಸಭೆಯ ಅಧಿಕಾರಿಗಳು. ಟೇಪು ತೆಗೆದುಕೊಂಡು ಹೋಗಲು ಬಂದಿದ್ದರು. ತೆಗೆದುಕೊಂಡ ಮೇಲೂ ಹೋಗಲಿಲ್ಲ. ಒಳಗೆ ತರಕಾರಿ ಹೆಚ್ಚುತ್ತಿದ್ದ ಅಂದಾಜಣ್ಣನನ್ನು ನೋಡಿ, ದನಿ ತಗ್ಗಿಸಿ ಕೇಳಿದರು.

"ನೀವು ಹೇಳಿದ ಹಾಗೆ ಕಾಯ್ತಾ ಇದ್ದೀನಿ. ಆರು ತಿಂಗಳು ಆಗ್ತಾ ಬಂತು. ಪರಿಸ್ಥಿತಿ ಇನ್ನೂ ಅನಿಶ್ಚಿತ ಅಂತಾರೆ. ಏನು ಮಾಡ್ಲಿ? ಶುರು ಮಾಡ್ಲಾ, ಇನ್ನೂ ಕಾಯ್ಲಾ?"

ಅಂದಾಜಣ್ಣ ಚಾಕು ಕೆಳಗಿಟ್ಟ. ಹಳೇ ಅಭ್ಯಾಸದಿಂದ ಎದೆ ತಾನೇ ಉಬ್ಬಿತು. "ಅಂದಾ..." ಎಂದು ಶುರು ಮಾಡಿ, ಅತ್ತಿಗೆಯ ಕಡೆ ನೋಡಿದ. ಅವರು ಇವನನ್ನು ನೋಡುತ್ತಲೇ ಇರಲಿಲ್ಲ, ಕಿಟಕಿಯ ಬೆಳಕಿಗೆ ಅಕ್ಕಿ ಹಿಡಿದು ಕಲ್ಲು ಆರಿಸುತ್ತಿದ್ದರು. ಅಂದಾಜಣ್ಣನ ಎದೆ ಇಳಿಯಿತು.

"ಸಾರ್, ಈಗಿರೋ ಮನೇಲಿ ನಿಮ್ಮ ಅಡುಗೆಮನೆಗೆ ಕಿಟಕಿ ಇದೆಯಾ?"

ಅಧಿಕಾರಿಗಳು ಯೋಚಿಸಿದರು. ಅವರಿಗೆ ಅದು ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ಕೊನೆಗೆ, "ಇಲ್ಲ ಅನ್ಸುತ್ತೆ," ಅಂದರು.

"ಹಾಗಾದ್ರೆ ಇವತ್ತೇ ಶುರು ಮಾಡಿ."

ಅಂದಾಜು ಎಂಬ ಪದವಿಲ್ಲದೆ ಅವನು ಕೊಟ್ಟ ಮೊದಲ ಸಲಹೆ ಅದು. ಅತ್ತಿಗೆ ತಲೆ ಎತ್ತಲಿಲ್ಲ, ಆದರೆ ಕಲ್ಲು ಆರಿಸುತ್ತಿದ್ದ ಬೆರಳು ನಿಂತಿತ್ತು.

ಮಾತು ನಮ್ಮ ಬೀದಿ ಮುಟ್ಟಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಂಜೆಯ ಹೊತ್ತಿಗೆ ಬಡಗಿಯ ಅಂಗಡಿಯ ಮುಂದೆ ಕಿಟಕಿಗೆ ಕ್ಯೂ ನಿಂತಿತ್ತು, ಬೆಲೆ ಆಗಲೇ ಒಂದೂವರೆ ಪಟ್ಟಾಗಿತ್ತು. ಕ್ಯೂನಲ್ಲಿ ಒಂಬತ್ತನೆಯವನು ನಾನು. ಸೈಟಿಲ್ಲ, ಮನೆಯಿಲ್ಲ, ಆದರೂ ನಿಂತಿದ್ದೆ. ನನ್ನ ಹೆಂಡತಿ ಅಳತೆಯನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ಹನ್ನೊಂದು ವರ್ಷದಿಂದ ಗೋಡೆಯ ಈಚೆ ಅವಳೂ ಕೆಮ್ಮುತ್ತಿದ್ದಳು.